ವರ್ಷಕ್ಕೊಮ್ಮೆಯ ಕಷಾಯ, ಊಟದ ತಂಬುಳಿ, ದಿನನಿತ್ಯದ ಪುಡಿ: ಋತುಮಾನದ ಮದ್ದುಗಿಡಗಳಲ್ಲಿ ಯಾವುದನ್ನು ಆರಿಸಬೇಕು?

ಋತು ಬದಲಾದಾಗ ಮದ್ದಿನ ಗಿಡಗಳ ಕಡೆಗೆ ತಿರುಗುವ ಅಭ್ಯಾಸ ಕರ್ನಾಟಕದ ಎಲ್ಲ ಸೀಮೆಗಳಲ್ಲೂ ಇದೆಯಾದರೂ ಅದು ಎಲ್ಲೆಡೆ ಒಂದೇ ಬಗೆಯದಲ್ಲ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ಬೆಳಗ್ಗೆ ಹಾಲೆ ಮರದ ತೊಗಟೆಯ ಕಷಾಯವನ್ನು ವರ್ಷಕ್ಕೊಮ್ಮೆ ಕುಡಿಯುತ್ತಾರೆ. ಮಲೆನಾಡಿನ ಮನೆಗಳಲ್ಲಿ ಒಂದೆಲಗ, ದೊಡ್ಡಪತ್ರೆ ಮತ್ತು ಬಗೆಬಗೆಯ ಚಿಗುರುಗಳು ತಂಬುಳಿಯಾಗಿ ಊಟದ ಎಲೆಗೆ ಬರುತ್ತವೆ. ಕೋಲಾರ, ತುಮಕೂರು, ಮಂಡ್ಯದ ಕಡೆ ಮಳೆ ಬಿದ್ದ ಹೊಲದಿಂದ ಆಯ್ದು ತಂದ ಬೆರಕೆ ಸೊಪ್ಪು ಬಸ್ಸಾರಾಗುತ್ತದೆ. ನಗರಗಳಲ್ಲಿ ಅಮೃತಬಳ್ಳಿಯ ರಸ, ನೆಲಬೇವಿನ ಪುಡಿ, ಬಗೆಬಗೆಯ ಮಾತ್ರೆಗಳು ಬೆಳಗಿನ ಖಾಲಿ ಹೊಟ್ಟೆಗೆ ಹೋಗುತ್ತಿವೆ. ಒಮ್ಮೆ ಕುಡಿಯುವುದು, ಋತುವಿಡೀ ಉಣ್ಣುವುದು, ದಿನವೂ ನುಂಗುವುದು ಎಂಬ ಈ ಮೂರು ದಾರಿಗಳಲ್ಲಿ ಆರೋಗ್ಯವಂತರಾದ ಸಾಮಾನ್ಯ ಓದುಗರು ಯಾವುದನ್ನು, ಯಾವ ಎಚ್ಚರದೊಂದಿಗೆ ಆರಿಸಬಹುದು ಎಂಬುದನ್ನು ಇಲ್ಲಿ ಹೋಲಿಸಿ ನೋಡಲಾಗಿದೆ. ಕಾಯಿಲೆಯ ಚಿಕಿತ್ಸೆ ಈ ಬರಹದ ವ್ಯಾಪ್ತಿಗೆ ಸೇರಿಲ್ಲ.

ಮದ್ದುಗಿಡಗಳ ಬಗೆಗಿನ ಬರಹಗಳು ಸಾಮಾನ್ಯವಾಗಿ ಗುಣದಿಂದ ಆರಂಭವಾಗುತ್ತವೆ: ಇದು ಕಫಕ್ಕೆ, ಅದು ಪಿತ್ತಕ್ಕೆ, ಮತ್ತೊಂದು ನೆನಪಿನ ಶಕ್ತಿಗೆ. ಆಯ್ಕೆಯ ದೃಷ್ಟಿಯಿಂದ ಗುಣವನ್ನು ಕೊನೆಯಲ್ಲಿ ನೋಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಆ ಗಿಡವನ್ನು ಬೇರೊಂದೆಂದು ತಪ್ಪು ತಿಳಿಯುವ ಸಾಧ್ಯತೆ ಎಷ್ಟು, ಹಾಗೆ ತಪ್ಪಿದರೆ ಆಗುವ ಹಾನಿ ಎಂಥದ್ದು ಎಂಬುದು ಮೊದಲು ಕೇಳಬೇಕಾದ ಪ್ರಶ್ನೆ. ಬಳಸುವ ಭಾಗ ಎಲೆಯೋ, ಹಣ್ಣೋ, ತೊಗಟೆಯೋ, ಬೇರೋ ಎಂಬುದನ್ನು ಆಮೇಲೆ ನೋಡಬೇಕು. ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ, ಬೇರು ಕಿತ್ತರೆ ಗಿಡವೇ ಹೋಗುತ್ತದೆ. ಎಷ್ಟು ದಿನ ಸೇವಿಸಬೇಕು, ಎಂಥ ನೆಲದಲ್ಲಿ ಬೆಳೆದದ್ದು ಎಂಬ ಪ್ರಶ್ನೆಗಳು ಇವುಗಳ ಹಿಂದೆ ಬರುತ್ತವೆ. ಇವಿಷ್ಟಕ್ಕೂ ಸಮಾಧಾನಕರ ಉತ್ತರ ಸಿಕ್ಕ ಗಿಡಗಳ ಪಟ್ಟಿ ಚಿಕ್ಕದು, ಮತ್ತು ಅದರಲ್ಲಿರುವ ಹೆಚ್ಚಿನವು ಹಿತ್ತಲಿನವೇ.

ವರ್ಷಕ್ಕೊಮ್ಮೆಯ ಕಹಿ: ಹಾಲೆ ಮತ್ತು ಮದ್ದುಸೊಪ್ಪು

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಿನ ಅಮಾವಾಸ್ಯೆಯಂದು ಕುಡಿಯುವ ಹಾಲೆ ಕಷಾಯದ ಕ್ರಮ ಕರಾವಳಿಯವರಿಗೆ ಚಿರಪರಿಚಿತ. ಸೂರ್ಯೋದಯಕ್ಕೆ ಮುನ್ನ ಮರದ ಬಳಿ ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೊಗಟೆಯನ್ನು ತರುತ್ತಾರೆ. ಅದನ್ನು ಕಾಳುಮೆಣಸು, ಬೆಳ್ಳುಳ್ಳಿ, ಓಮದೊಂದಿಗೆ ಅರೆದು ರಸ ತೆಗೆದು, ಕಾಯಿಸಿ ಕೆಂಪಾದ ಬೆಣಚುಕಲ್ಲನ್ನು ಅದರಲ್ಲಿ ಮುಳುಗಿಸುತ್ತಾರೆ. ಖಾಲಿ ಹೊಟ್ಟೆಗೆ ಸ್ವಲ್ಪ ಕುಡಿದ ಮೇಲೆ ದೇಹದ ಉಷ್ಣ ತಗ್ಗಲೆಂದು ಮೆಂತ್ಯದ ಗಂಜಿ ಉಣ್ಣುತ್ತಾರೆ. ತುಳುವಿನಲ್ಲಿ ಪಾಲೆ ಎಂದೂ ಸಂಸ್ಕೃತದಲ್ಲಿ ಸಪ್ತಪರ್ಣಿ ಎಂದೂ ಕರೆಯುವ ಈ ಮರದ ತೊಗಟೆಯಲ್ಲಿ ಎಕಿಟಮೈನ್ ಮೊದಲಾದ ಕಹಿ ಆಲ್ಕಲಾಯ್ಡ್‌ಗಳಿದ್ದು, ಚಳಿಜ್ವರಕ್ಕೆ ಅದನ್ನು ಬಳಸುವ ರೂಢಿ ಹಳೆಯದು.

ಈ ಆಚರಣೆಯ ಅಪಾಯವೆಲ್ಲ ಒಂದು ಜಾಗದಲ್ಲಿದೆ. ಹಾಲೆಯೆಂದು ತಿಳಿದು ಕಾಸರಕದ ತೊಗಟೆಯನ್ನು ತಂದರೆ ಅದು ಪ್ರಾಣಕ್ಕೇ ಎರವಾಗಬಹುದು. ಹೆಮ್ಮುಷ್ಟಿ ಎಂದೂ ಕರೆಯಲ್ಪಡುವ, ತುಳುವಿನಲ್ಲಿ ಕಾಯೆರ್ ಎನ್ನುವ ಕಾಸರಕದ ಬೀಜದಲ್ಲೂ ತೊಗಟೆಯಲ್ಲೂ ಸ್ಟ್ರಿಕ್ನಿನ್ ಮತ್ತು ಬ್ರೂಸಿನ್ ಎಂಬ ವಿಷಗಳಿವೆ. ಇವು ನರಗಳ ಮೇಲಿನ ಹಿಡಿತವನ್ನು ತಪ್ಪಿಸಿ, ಸ್ನಾಯುಗಳು ಸೆಟೆದುಕೊಂಡು ಉಸಿರಾಟವೇ ನಿಲ್ಲುವಂತೆ ಮಾಡುತ್ತವೆ. ಎರಡೂ ಮರಗಳು ಒಂದೇ ಬಗೆಯ ಕಾಡಿನಲ್ಲಿ, ಕೆಲವೊಮ್ಮೆ ಒಂದೇ ಗುಡ್ಡದಲ್ಲಿ ಬೆಳೆಯುತ್ತವೆ. ಎರಡರ ತೊಗಟೆಯೂ ಬೂದು ಬಣ್ಣದ್ದು, ಎರಡೂ ಕಹಿ. ಮಳೆ ಸುರಿಯುವ ಅಮಾವಾಸ್ಯೆಯ ಕತ್ತಲಲ್ಲಿ, ಕಾಂಡವನ್ನಷ್ಟೇ ಮುಟ್ಟಿ ನೋಡಿ ಇವನ್ನು ಬೇರ್ಪಡಿಸುವುದು ಅನುಭವಿಗಳಿಗೂ ಸುಲಭವಲ್ಲ.

ಹಗಲಿನಲ್ಲಾದರೆ ವ್ಯತ್ಯಾಸ ಸ್ಪಷ್ಟ. ಹಾಲೆಯ ಎಲೆಗಳು ಕೊಂಬೆಯ ಒಂದೇ ಗೆಣ್ಣಿನಿಂದ ನಾಲ್ಕರಿಂದ ಏಳರವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚಾಗಿ, ಸುತ್ತಲೂ ಹರಡಿಕೊಂಡಿರುತ್ತವೆ. ಎಲೆಯ ನಡುನರದಿಂದ ಹೊರಡುವ ಪಕ್ಕದ ನರಗಳು ಒತ್ತೊತ್ತಾಗಿ ಸಮಾನಾಂತರವಾಗಿ ಸಾಗುತ್ತವೆ. ಎಲೆ ಕಿತ್ತರೂ ತೊಗಟೆ ಗೀರಿದರೂ ಬಿಳಿ ಹಾಲು ಒಸರುತ್ತದೆ. ಕಾಸರಕದ ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ, ಹೊಳಪಾಗಿರುತ್ತವೆ, ಬುಡದಿಂದಲೇ ಮೂರು ಅಥವಾ ಐದು ದಪ್ಪ ನರಗಳು ಹೊರಡುತ್ತವೆ, ಹಾಲು ಬರುವುದಿಲ್ಲ, ಹಣ್ಣು ಕಿತ್ತಳೆ ಬಣ್ಣದ ಚೆಂಡಿನಂತಿರುತ್ತದೆ. ಹಾಲು ಬಂದ ಮಾತ್ರಕ್ಕೆ ಹಾಲೆಯೆಂದು ಹೇಳುವಂತಿಲ್ಲ, ಏಕೆಂದರೆ ಹಳದಿ ಕಣಗಿಲೆಯಂಥ ಕಡುವಿಷದ ಗಿಡವೂ ಬಿಳಿ ಹಾಲನ್ನೇ ಸುರಿಸುತ್ತದೆ. ಎಲೆಗಳ ಸುತ್ತು, ನರಗಳ ಸಾಲು ಮತ್ತು ಹಾಲು ಈ ಮೂರೂ ಒಟ್ಟಿಗೆ ಕಂಡರಷ್ಟೇ ಗುರುತು ಖಚಿತ. ಕತ್ತಲಲ್ಲೇ ತರಬೇಕೆಂಬ ನೇಮವನ್ನು ಉಳಿಸಿಕೊಳ್ಳುವವರು ಹಿಂದಿನ ದಿನ ಹಗಲಿನಲ್ಲೇ ಮರವನ್ನು ನೋಡಿ ದಾರ ಕಟ್ಟಿ ಬರಲಿ. ಹಾಗೆ ಮಾಡಿದರೆ ನೇಮಕ್ಕೂ ಭಂಗವಿಲ್ಲ, ಜೀವಕ್ಕೂ ಅಪಾಯವಿಲ್ಲ. ಮರದ ಪರಿಚಯವಿಲ್ಲದ ಯಾರೋ ತಂದು ಹಂಚಿದ ತೊಗಟೆಯನ್ನಾಗಲಿ, ಎಲೆಯಿಲ್ಲದೆ ಮಾರಾಟಕ್ಕಿಟ್ಟ ತೊಗಟೆಯ ಕಟ್ಟನ್ನಾಗಲಿ ಒಪ್ಪಿಕೊಳ್ಳಬಾರದು.

ಇದೇ ಕಾಲದಲ್ಲಿ, ಕೊಡಗಿನ ಕಕ್ಕಡ ತಿಂಗಳ 18ನೆಯ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಬಳಸುವ ಮದ್ದುಸೊಪ್ಪು ಅಥವಾ ಆಟಿಸೊಪ್ಪು ಇನ್ನೊಂದು ಬಗೆಯದು. ಕಾಫಿ ತೋಟದ ನೆರಳಿನಲ್ಲೂ ಕಾಡಿನ ಅಂಚಿನಲ್ಲೂ ಬೆಳೆಯುವ ಈ ಚಿಕ್ಕ ಗಿಡವನ್ನು ಕಾಂಡ ಸಹಿತ ನೀರಿನಲ್ಲಿ ಕುದಿಸಿದರೆ ಗಾಢ ನೇರಳೆ ಬಣ್ಣವೂ ಹಿತವಾದ ಪರಿಮಳವೂ ಬರುತ್ತದೆ. ಆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ ಮತ್ತು ತೆಂಗಿನ ಹಾಲು ಸೇರಿಸಿ ಪಾಯಸ ಮಾಡುತ್ತಾರೆ. ಹದಿನೆಂಟು ಬಗೆಯ ಮದ್ದು ಆ ದಿನ ಅದರಲ್ಲಿ ಸೇರಿರುತ್ತದೆಂಬ ನಂಬಿಕೆಯಿದೆ. ತಿಂದ ಮರುದಿನ ಮೂತ್ರಕ್ಕೆ ಕೆಂಪು ಛಾಯೆ ಬರುವುದು ಸಹಜ. ಕೊಡಗಿನ ಹೊರಗಿನಿಂದ ಬಂದ ನೆಂಟರಿಗೆ ಈ ವಿಷಯವನ್ನು ಮೊದಲೇ ತಿಳಿಸದಿದ್ದರೆ ಅವರು ಗಾಬರಿಯಿಂದ ಆಸ್ಪತ್ರೆಗೆ ಹೋಗುವ ಸಂಭವವಿದೆ.

ಗುರುತಿನ ದೃಷ್ಟಿಯಿಂದ ಹೋಲಿಸಿದರೆ ಮದ್ದುಸೊಪ್ಪು ಹಾಲೆಗಿಂತ ಎಷ್ಟೋ ಸುರಕ್ಷಿತ. ಕುದಿಸಿದಾಗ ನೇರಳೆ ಬಣ್ಣ ಬಾರದಿದ್ದರೆ ತಂದ ಗಿಡ ಬೇರೆಯೆಂದು ಅಡುಗೆಮನೆಯಲ್ಲೇ ಗೊತ್ತಾಗುತ್ತದೆ. ಹಾಲೆಯಲ್ಲಿ ಅಂಥ ಪರೀಕ್ಷೆ ಇಲ್ಲ; ಗೊತ್ತಾಗುವುದು ಕುಡಿದ ಮೇಲೆಯೇ. ಬಳಸುವ ಭಾಗದ ದೃಷ್ಟಿಯಿಂದಲೂ ಸೊಪ್ಪು ಮತ್ತೆ ಚಿಗುರುತ್ತದೆ, ಆದರೆ ಊರಿಗೊಂದೇ ಹಾಲೆ ಮರ ಉಳಿದಿರುವ ಕಡೆ ನೂರಾರು ಮನೆಯವರು ಅದೇ ಕಾಂಡದ ಸುತ್ತಲೂ ಜಜ್ಜಿದರೆ ಮರ ಒಣಗುತ್ತದೆ. ಕಾಂಡದ ಒಂದು ಮಗ್ಗುಲಿನಿಂದ ಅಂಗೈ ಅಗಲದಷ್ಟು ಮಾತ್ರ ತೆಗೆದು ಉಳಿದ ಸುತ್ತನ್ನು ಬಿಟ್ಟರೆ ಗಾಯ ಮಾಯುತ್ತದೆ. ಈ ಎರಡೂ ಆಚರಣೆಗಳ ನಿಜವಾದ ಜಾಣ್ಮೆ ವರ್ಷಕ್ಕೊಮ್ಮೆ ಎಂಬ ಮಿತಿಯಲ್ಲಿದೆ. ತೊಗಟೆಯನ್ನು ಒಣಗಿಸಿ ಪುಡಿ ಮಾಡಿಟ್ಟುಕೊಂಡು ತಿಂಗಳುಗಟ್ಟಲೆ ಸೇವಿಸಿದರೆ ಆ ಮಿತಿಯೂ ಹೋಗುತ್ತದೆ, ಆಚರಣೆಯ ಅರ್ಥವೂ ಹೋಗುತ್ತದೆ.

ಋತುವಿಡೀ ಉಣ್ಣುವ ಸೊಪ್ಪುಗಳು

ಮೂರು ದಾರಿಗಳಲ್ಲಿ ನಾನು ಮೊದಲು ಸೂಚಿಸುವುದು ಇದನ್ನು. ಮಳೆಗಾಲದಲ್ಲಿ ಜಠರಾಗ್ನಿ ಮಂದವಾಗುತ್ತದೆ, ಆಗ ಹಗುರವಾದ, ಬಿಸಿಯಾದ, ಶುಂಠಿ–ಮೆಣಸು ಬೆರೆತ ಆಹಾರ ಒಳ್ಳೆಯದೆಂದು ಆಯುರ್ವೇದದ ಋತುಚರ್ಯೆ ಹೇಳುತ್ತದೆ. ನಮ್ಮ ಮಳೆಗಾಲದ ಅಡುಗೆ ಈ ಮಾತನ್ನು ಬಹುಮಟ್ಟಿಗೆ ಪಾಲಿಸುತ್ತದೆ. ಆಹಾರವಾಗಿ ಬಂದದ್ದಕ್ಕೆ ಮಿತಿ ತಾನಾಗಿಯೇ ಬರುತ್ತದೆ; ಒಂದು ಬಟ್ಟಲಿಗಿಂತ ಹೆಚ್ಚು ತಂಬುಳಿಯನ್ನು ಯಾರೂ ಉಣ್ಣುವುದಿಲ್ಲ.

ನೆಗಡಿ–ಕೆಮ್ಮಿನ ಕಾಲಕ್ಕೆ ದೊಡ್ಡಪತ್ರೆ, ತುಳಸಿ, ಆಡುಸೋಗೆ ಈ ಮೂರರ ಹೆಸರು ಎಲ್ಲರ ಬಾಯಲ್ಲೂ ಬರುತ್ತದೆ. ದೊಡ್ಡಪತ್ರೆಯನ್ನು ಕರಾವಳಿಯಲ್ಲಿ ಸಾಂಬಾರಬಳ್ಳಿ ಎನ್ನುತ್ತಾರೆ. ದಪ್ಪನೆಯ, ರೋಮವುಳ್ಳ ಎಲೆಯ ಘಾಟಿಗೆ ಕಾರಣವಾದ ಕಾರ್ವಕ್ರಾಲ್ ಮತ್ತು ಥೈಮಾಲ್ ಓಮದಲ್ಲೂ ಇರುವ ಬಗೆಯವೇ. ಎಲೆ ಕೈಯಲ್ಲಿ ಹಿಸುಕಿದರೆ ವಾಸನೆಯೇ ಗುರುತು ಹೇಳುತ್ತದೆ, ಕುಂಡದಲ್ಲಿ ಒಂದು ಕಡ್ಡಿ ನೆಟ್ಟರೆ ಬೇರೂರುತ್ತದೆ, ಜೀರಿಗೆ, ಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ ತೆಂಗಿನಕಾಯಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಊಟಕ್ಕಾಯಿತು. ಆಡುಸೋಗೆ ಇದಕ್ಕಿಂತ ಬಲವಾದ ಮದ್ದು. ಅದರ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಅಂಶವೇ ಇಂದು ಕೆಮ್ಮಿನ ಔಷಧಗಳಲ್ಲಿ ಕಾಣುವ ಬ್ರೋಮ್‌ಹೆಕ್ಸಿನ್ ತಯಾರಿಕೆಗೆ ದಾರಿ ತೋರಿಸಿತು. ಆದರೆ ಅದೇ ಅಂಶ ಗರ್ಭಕೋಶವನ್ನು ಸಂಕುಚಿಸುವಂತೆ ಮಾಡುವುದರಿಂದ ಗರ್ಭಿಣಿಯರು ಅದರಿಂದ ದೂರವಿರಬೇಕು. ಮನೆಯಲ್ಲಿ ಎಲ್ಲರಿಗೂ ಒಂದೇ ಪಾತ್ರೆಯಿಂದ ಕೊಡುವಂಥದ್ದನ್ನು ಆರಿಸುವುದಾದರೆ ದೊಡ್ಡಪತ್ರೆ ಅಥವಾ ತುಳಸಿ ಸಾಕು. ಆಡುಸೋಗೆಯನ್ನು ವೈದ್ಯರ ಮಾತಿಗೆ ಬಿಡುವುದು ಒಳ್ಳೆಯದು. ಲಕ್ಕಿ ಸೊಪ್ಪನ್ನು ಹಬೆಗಷ್ಟೇ ಬಳಸುವುದು ರೂಢಿ, ಅದು ಅಷ್ಟಕ್ಕೇ ಇರಲಿ.

ಮೊದಲ ಮಳೆಗೆ ಬಯಲಲ್ಲಿ, ರಸ್ತೆ ಬದಿಯಲ್ಲಿ ಹುಲುಸಾಗಿ ಹುಟ್ಟುವ ಚಗತೆ ಸೊಪ್ಪು ಅಥವಾ ತಗಟೆ, ತುಳುವಿನಲ್ಲಿ ತಜಂಕ್, ಪಲ್ಯಕ್ಕೂ ವಡೆಗೂ ಒದಗುತ್ತದೆ. ಹೂ ಬಿಡುವ ಮುಂಚಿನ ಎಳೆಯ ಕುಡಿಗಳು ಮಾತ್ರ ಯೋಗ್ಯ. ಬಲಿತ ಎಲೆ ಭೇದಿಗೆ ಕಾರಣವಾಗುತ್ತದೆ. ಇದರ ಹತ್ತಿರದ ಸಂಬಂಧಿಯಾದ ದೊಡ್ಡತಗಚೆ, ಅಂದರೆ ಕಾಸಮರ್ದ, ಅದೇ ಬೇಲಿಯಲ್ಲೇ ಬೆಳೆಯುತ್ತದೆ. ಪಶ್ಚಿಮ ಉತ್ತರ ಪ್ರದೇಶದಲ್ಲಿ ಹಲವು ವರ್ಷ ಚಿಕ್ಕ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ಮೆದುಳು–ಯಕೃತ್ತಿನ ಕಾಯಿಲೆಗೆ ಮಕ್ಕಳು ಆಡುತ್ತಾ ತಿಂದ ಕಾಸಮರ್ದದ ಬೀಜಗಳೇ ಕಾರಣವೆಂದು ಅಲ್ಲಿನ ವೈದ್ಯರು ಕಂಡುಕೊಂಡರು. ಚಗತೆಯಲ್ಲಿ ಸಾಮಾನ್ಯವಾಗಿ ಮೂರು ಜೊತೆ ಕಿರುಎಲೆಗಳಿದ್ದು ಅವುಗಳ ತುದಿ ದುಂಡಗಿರುತ್ತದೆ, ಕಾಯಿ ಕುಡುಗೋಲಿನಂತೆ ಬಾಗಿ ಸಣ್ಣಗಿರುತ್ತದೆ. ಕಾಸಮರ್ದದಲ್ಲಿ ನಾಲ್ಕರಿಂದ ಆರು ಜೊತೆ ಎಲೆಗಳು, ಚೂಪಾದ ತುದಿ, ಚಪ್ಪಟೆಯಾದ ಅಗಲ ಕಾಯಿ. ದುಂಡು ತುದಿಯ ಮೂರು ಜೊತೆ ಎಂಬುದನ್ನು ಮಕ್ಕಳಿಗೂ ಕಲಿಸಿಬಿಡಬಹುದು.

ಕೆಸುವಿನ ವಿಷಯದಲ್ಲಿ ಗುರುತು ತಪ್ಪುವುದು ಅಪರೂಪ, ತಪ್ಪುವುದು ಅಡುಗೆ. ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಗಂಟಲು ತುರಿಸುವಂತೆ ಮಾಡುತ್ತವೆ. ಪತ್ರೊಡೆಗೆ ಹುಣಸೆಹುಳಿ ಧಾರಾಳವಾಗಿ ಹಾಕುವುದೂ ಹಬೆಯಲ್ಲಿ ಬಹಳ ಹೊತ್ತು ಬೇಯಿಸುವುದೂ ಇದೇ ಕಾರಣಕ್ಕೆ. ಮಳೆಗಾಲದಲ್ಲಿ ಮರದ ಮೇಲೆ ಬೆಳೆಯುವ ಮರಕೆಸು ತುರಿಕೆ ಕಡಿಮೆಯೆಂದು ಹೆಚ್ಚು ಬೇಡಿಕೆಯಲ್ಲಿದೆ. ಮೂತ್ರಪಿಂಡದಲ್ಲಿ ಕಲ್ಲಾದವರು ಕೆಸು ಮತ್ತು ಗೋಣಿಸೊಪ್ಪು ಎರಡನ್ನೂ ಕಡಿಮೆ ಮಾಡಬೇಕು. ಬಿದಿರಿನ ಎಳೆ ಮೊಳಕೆಯಾದ ಕಳಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಟ್ಯಾಕ್ಸಿಫಿಲಿನ್ ಇರುವುದರಿಂದ, ಹೆಚ್ಚಿ ನೀರಿನಲ್ಲಿ ನೆನೆಹಾಕಿ, ಎರಡು ಮೂರು ದಿನ ದಿನವೂ ನೀರು ಬದಲಿಸಿ, ಆಮೇಲೆ ಬೇಯಿಸುವ ಅಜ್ಜಿಯರ ಕ್ರಮವನ್ನು ಮೊಟಕುಗೊಳಿಸಬಾರದು. ಅರಣ್ಯದೊಳಗಿನ ಬಿದಿರನ್ನು ಕತ್ತರಿಸಲು ಅನುಮತಿಯಿಲ್ಲವೆಂಬುದೂ ನೆನಪಿರಲಿ. ಅಣಬೆಗಳನ್ನು ಈ ಹೋಲಿಕೆಯಿಂದ ಬೇಕೆಂದೇ ಹೊರಗಿಟ್ಟಿದ್ದೇನೆ: ಬರಹ ಓದಿ ಅಣಬೆ ಆರಿಸುವುದು ಸಲ್ಲದು.

ಬಯಲುಸೀಮೆಯ ಬೆರಕೆ ಸೊಪ್ಪಿಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಅಣ್ಣೆ, ಗಣಿಕೆ, ಗೋಣಿ, ಕನ್ನೆ, ಹೊನಗೊನೆ, ಕೀರೆ ಮುಂತಾದ ಹತ್ತಾರು ಸೊಪ್ಪುಗಳನ್ನು ರಾಗಿ ಹೊಲದ ಕಳೆಯ ನಡುವಿನಿಂದ ಆಯ್ದು ಒಟ್ಟಿಗೆ ಬೇಯಿಸುವ ಈ ಕ್ರಮದಲ್ಲಿ ಯಾವ ಒಂದು ಗಿಡದ ಅಂಶವೂ ಅತಿಯಾಗುವುದಿಲ್ಲ. ತಂಬುಳಿಗೆ ಒಂದು ಸೊಪ್ಪು, ಬಸ್ಸಾರಿಗೆ ಹತ್ತು ಸೊಪ್ಪು. ಬೇಯಿಸಿ ಉಣ್ಣುವುದರಿಂದ ಹೊಲದ ಮಣ್ಣಿನ ಕೊಳೆ, ಕ್ರಿಮಿಗಳ ಭಯವೂ ಬಸ್ಸಾರಿನಲ್ಲಿ ಕಡಿಮೆ. ಆದರೆ ಆಯುವ ಕಣ್ಣು ಪಳಗಿರಬೇಕು. ಗಣಿಕೆಯ ಕುಲಕ್ಕೇ ಸೇರಿದ ಉಮ್ಮತ್ತಿಯ ಎಳೆಯ ಸಸಿಯನ್ನು ಗಣಿಕೆಯೆಂದು ಕಿತ್ತರೆ ಭ್ರಮೆ ಹಿಡಿಸುವ ವಿಷ ಸಾರಿಗೆ ಸೇರುತ್ತದೆ. ಚಿಕ್ಕ ಕಾಯಿ–ಹಣ್ಣಿನ ಗೊಂಚಲು ಕಂಡ ಗಣಿಕೆ ಗಿಡದಿಂದಲೇ ಎಲೆ ಕೀಳುವುದು, ಹಸಿರು ಕಾಯಿಯನ್ನು ಬಿಟ್ಟುಬಿಡುವುದು ಸುಲಭದ ಉಪಾಯ. ಹೊನಗೊನೆಯನ್ನು ಹೋಲುವ, ಟೊಳ್ಳು ಕಾಂಡದ, ಹೂವಿನ ಚೆಂಡಿಗೆ ಉದ್ದ ತೊಟ್ಟಿರುವ ಇನ್ನೊಂದು ಜಲಕಳೆ ಬೆಂಗಳೂರಿನ ಕೊಳಚೆ ಕೆರೆಗಳಲ್ಲಿ ಹಬ್ಬಿದೆ. ನಿಜವಾದ ಹೊನಗೊನೆಯಲ್ಲಿ ಬಿಳಿ ಹೂ ಎಲೆಯ ಕಂಕುಳಲ್ಲೇ ತೊಟ್ಟಿಲ್ಲದೆ ಅಂಟಿಕೊಂಡಿರುತ್ತದೆ.

ನೆಲದ ಪ್ರಶ್ನೆ ಇಲ್ಲಿಯೇ ಬರುತ್ತದೆ, ಮತ್ತು ಇದನ್ನು ಹಳೆಯ ಕಾಲದ ತಿಳಿವಳಿಕೆ ಹೇಳಿಕೊಡುವುದಿಲ್ಲ, ಏಕೆಂದರೆ ಆಗ ಈ ಸಮಸ್ಯೆ ಇರಲಿಲ್ಲ. ಒಂದೆಲಗ ತೇವದ ಜಾಗದ ಗಿಡ. ಅಡಿಕೆ ತೋಟದ ಕಪ್ಪುಗಳ, ಅಂದರೆ ಬಸಿಗಾಲುವೆಗಳ, ಅಂಚಿನಲ್ಲಿ, ಗದ್ದೆಯ ಬದುವಿನಲ್ಲಿ, ಬಚ್ಚಲಿನ ನೀರು ಹರಿಯುವಲ್ಲಿ ಸೊಂಪಾಗಿ ಹಬ್ಬುತ್ತದೆ. ಕೊಳೆರೋಗ ತಡೆಯಲು ಮೈಲುತುತ್ತು ಮತ್ತು ಸುಣ್ಣದಿಂದ ಮಾಡಿದ ಬೋರ್ಡೋ ದ್ರಾವಣವನ್ನು ಮುಂಗಾರಿನ ಆರಂಭದಲ್ಲೊಮ್ಮೆ, 40–45 ದಿನ ಕಳೆದು ಮತ್ತೊಮ್ಮೆ ಅಡಿಕೆ ಗೊನೆಗಳಿಗೆ ಹೊಡೆಯುತ್ತಾರೆ. ಗೊನೆಯಿಂದ ತೊಟ್ಟಿಕ್ಕಿದ ಆ ತಾಮ್ರ ಬೀಳುವುದು ಕೆಳಗಿನ ಒಂದೆಲಗದ ಮೇಲೆ, ಕೆಸುವಿನ ಮೇಲೆ. ರಸ್ತೆ ಬದಿಯ ಚಗತೆಗೆ ಕಳೆನಾಶಕದ ಭಯವಿದೆ. ಒಂದೇ ಒಂದೆಲಗ, ಔಷಧಿ ಹೊಡೆದ ತೋಟದ್ದಾದರೆ ಬೇಡ, ಕುಂಡದಲ್ಲಿ ಬಾವಿ ನೀರು ಹಾಕಿ ಬೆಳೆಸಿದ್ದಾದರೆ ಧಾರಾಳವಾಗಿ ಆಗಬಹುದು. ಮಾರುಕಟ್ಟೆಯ ಕಟ್ಟು ಕೊಳ್ಳುವವರು ಅದು ಎಲ್ಲಿಯದೆಂದು ವಿಚಾರಿಸಬೇಕು, ಹಸಿಯಾಗಿ ರುಬ್ಬುವ ಬದಲು ಬಾಡಿಸಿ ಬಳಸಬೇಕು.

ದಿನವೂ ನುಂಗುವ ಪುಡಿ, ರಸ, ಮಾತ್ರೆ

ಅಮೃತಬಳ್ಳಿಯ ಜನಪ್ರಿಯತೆ ಕೋವಿಡ್ ಕಾಲದಲ್ಲಿ ಎಷ್ಟು ಏರಿತೆಂದರೆ ಅಪಾರ್ಟ್‌ಮೆಂಟುಗಳ ಬಾಲ್ಕನಿಗಳಲ್ಲೂ ಬಳ್ಳಿ ಹಬ್ಬಿತು. 2021ರಲ್ಲಿ ಮುಂಬೈನ ವೈದ್ಯರು ಅದನ್ನು ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. ಮರುವರ್ಷ ದೇಶದ ಹಲವು ಆಸ್ಪತ್ರೆಗಳ ವೈದ್ಯರು ಸೇರಿ ಇಂಥ 43 ಪ್ರಕರಣಗಳನ್ನು ಪ್ರಕಟಿಸಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪದೆ, ಅಮೃತಬಳ್ಳಿ ಸುರಕ್ಷಿತವೆಂದೂ ಅದನ್ನು ಹೋಲುವ ಬೇರೆ ಜಾತಿಯ ಬಳ್ಳಿಗಳ ಬಳಕೆಯಿಂದ ಗೊಂದಲವಾಗುತ್ತಿದೆಯೆಂದೂ ಹೇಳಿತು. ಯಾರ ವಾದವನ್ನು ಒಪ್ಪಿದರೂ ಆಯ್ಕೆ ಮಾಡುವವರಿಗೆ ಸಿಗುವ ಉತ್ತರ ಒಂದೇ. ಬಳ್ಳಿಯೇ ಹಾನಿಕರವಾದರೆ ದಿನವೂ ಸೇವಿಸಬಾರದು. ಬೇರೆ ಬಳ್ಳಿಯ ಬೆರಕೆಯಿಂದ ಹಾನಿಯಾದರೆ ಗುರುತು ಹಿಡಿಯಲಾಗದ ಪುಡಿಯನ್ನಂತೂ ಸೇವಿಸಲೇಬಾರದು. ಹೋಲುವ ಜಾತಿಯ ಕಾಂಡದ ಮೇಲೆ ನರುಳೆಯಂಥ ಗಂಟುಗಳು ಒತ್ತೊತ್ತಾಗಿರುತ್ತವೆ. ಹಸಿ ಬಳ್ಳಿಯಲ್ಲಿ ಅದು ಕಣ್ಣಿಗೆ ಕಾಣುತ್ತದೆ, ಪುಡಿಯಲ್ಲಿ ಕಾಣುವುದಿಲ್ಲ. ಥೈರಾಯ್ಡ್, ಸಂಧಿವಾತದಂಥ ಸ್ವಯಂನಿರೋಧಕ ತೊಂದರೆ ಇರುವವರು, ಯಕೃತ್ತಿನ ಕಾಯಿಲೆಯವರು ಇದನ್ನು ಬಿಟ್ಟುಬಿಡುವುದೇ ಕ್ಷೇಮ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರಲ್ಲಿ ಸಕ್ಕರೆಯ ಮಟ್ಟ ಅತಿಯಾಗಿ ಇಳಿಯಬಹುದು.

ನೆಲಬೇವು ತಮಿಳುನಾಡಿನಲ್ಲಿ ಡೆಂಗಿ ಹರಡಿದಾಗ ಸರ್ಕಾರವೇ ಹಂಚಿದ ಕುಡಿನೀರಿನ ಮೂಲಕ ನಮ್ಮಲ್ಲೂ ಪ್ರಸಿದ್ಧಿಗೆ ಬಂತು. ಆ ಕುಡಿನೀರು ಒಂಬತ್ತು ವಸ್ತುಗಳ ಮಿಶ್ರಣ. ನಮ್ಮಲ್ಲಿ ಹೆಚ್ಚಿನವರು ಕುಡಿಯುವುದು ನೆಲಬೇವೊಂದರ ಪುಡಿಯನ್ನು. ಕೆಲವರಲ್ಲಿ ಅದು ತೀವ್ರವಾದ ಅಲರ್ಜಿಗೆ ಕಾರಣವಾಗುತ್ತದೆ, ಗರ್ಭಿಣಿಯರಿಗೆ ವರ್ಜ್ಯ. ಹಾಲೆ, ಅಮೃತಬಳ್ಳಿ, ನೆಲಬೇವು ಈ ಮೂರು ಕಹಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಹಾಲೆಯಲ್ಲಿ ಅಪಾಯ ಗುರುತಿನದು, ಉಳಿದೆರಡರಲ್ಲಿ ಅಪಾಯ ಅವಧಿಯದು. ಮಳೆಗಾಲದ ಜ್ವರ ಎರಡು ದಿನ ದಾಟಿದರೆ ಈ ಯಾವ ಕಹಿಯನ್ನೂ ನೆಚ್ಚಿಕೊಳ್ಳದೆ ರಕ್ತ ಪರೀಕ್ಷೆ ಮಾಡಿಸಬೇಕು. ಡೆಂಗಿಯಲ್ಲಿ ಜ್ವರ ಇಳಿದ ಮೇಲಿನ ದಿನಗಳೇ ಹೆಚ್ಚು ಅಪಾಯದವು, ಇಲಿಜ್ವರಕ್ಕೆ ಬೇಗ ಕೊಟ್ಟ ಆ್ಯಂಟಿಬಯಾಟಿಕ್ ಜೀವ ಉಳಿಸುತ್ತದೆ.

ಬೇಸಿಗೆ ಮತ್ತು ಚಳಿಗಾಲ

ಬೇಸಿಗೆಯ ತಂಪಿಗೆ ಪುನರ್ಪುಳಿ ಮತ್ತು ಸೊಗದೆ ಬೇರು ಎರಡೂ ಒಳ್ಳೆಯವು, ಆದರೆ ನಾನು ಪುನರ್ಪುಳಿಯ ಪರ. ಉತ್ತರ ಕನ್ನಡದಲ್ಲಿ ಮುರುಗಲು ಎನ್ನುವ ಈ ಹಣ್ಣು ಏಪ್ರಿಲ್–ಮೇ ತಿಂಗಳಲ್ಲಿ ಮರದಲ್ಲಿ ಕೆಂಪಾಗಿ ತೂಗುತ್ತದೆ, ಹಣ್ಣು ಕೊಯ್ದರೆ ಮರಕ್ಕೇನೂ ಆಗುವುದಿಲ್ಲ, ಸಿಪ್ಪೆ ಒಣಗಿಸಿಟ್ಟರೆ ವರ್ಷವಿಡೀ ಸಾರಿಗೂ ಪಾನಕಕ್ಕೂ ಒದಗುತ್ತದೆ. ಸೊಗದೆ ಬೇರಿಗಾಗಿ ಬಳ್ಳಿಯನ್ನೇ ಅಗೆಯಬೇಕು. ಪೇಟೆಯಲ್ಲಿ ಅದೇ ಪರಿಮಳದ ಮಾಕಳಿ ಬೇರು ಅದರ ಹೆಸರಿನಲ್ಲಿ ಬರುತ್ತದೆ. ಸೊಗದೆ ಬೇರು ತೆಳ್ಳಗೆ ತಂತಿಯಂತಿದ್ದರೆ ಮಾಕಳಿ ದಪ್ಪವಾಗಿ ರಸಭರಿತವಾಗಿರುತ್ತದೆ. ಮಾಕಳಿಯ ಉಪ್ಪಿನಕಾಯಿ ಹಳೆ ಮೈಸೂರಿನವರ ಪ್ರೀತಿಯ ವಸ್ತುವಾದರೂ, ಬೇಡಿಕೆಯಿಂದಾಗಿ ಬೆಟ್ಟಗಳಲ್ಲಿ ಅದು ವಿರಳವಾಗುತ್ತಿದೆ. ಬೇರೇ ಬೇಕೆಂದರೆ ಬೆಳೆಸಿದ್ದನ್ನು ಕೊಳ್ಳುವುದು ಸರಿ. ಲಾವಂಚದ ಬೇರನ್ನು ತೊಳೆದು ಕುಡಿಯುವ ನೀರಿನ ಗಡಿಗೆಗೆ ಹಾಕುವುದು ಎಲ್ಲಕ್ಕಿಂತ ಸರಳ, ಅದು ಹೆಚ್ಚಾಗಿ ಕೃಷಿಯಿಂದಲೇ ಬರುತ್ತದೆ. ಬೇಡಿಕೆ ಕಾಡನ್ನು ಏನು ಮಾಡುತ್ತದೆಂಬುದಕ್ಕೆ ಮುರುಗಲಿನ ಸೋದರ ಉಪ್ಪಾಗೆಯೇ ಸಾಕ್ಷಿ: ಬೊಜ್ಜು ಕರಗಿಸುವ ಮಾತ್ರೆಗಳಿಗಾಗಿ ವಿದೇಶದಿಂದ ಬೇಡಿಕೆ ಬಂದಾಗ ಪಶ್ಚಿಮಘಟ್ಟದಲ್ಲಿ ಹಣ್ಣು ಬಲಿಯುವ ಮುನ್ನವೇ ಕೊಂಬೆಗಳನ್ನು ಕಡಿದು ಕೊಯ್ದರು.

ಯುಗಾದಿಯ ಬೇವಿನ ಬಗ್ಗೆ ಒಂದೇ ಮಾತು. ಬೇವಿನ ಎಲೆ ಒಂದೇ ಕಡ್ಡಿಯ ಎರಡೂ ಬದಿಗೆ ಗರಗಸದಂಚಿನ ಕಿರುಎಲೆಗಳಾಗಿರುತ್ತದೆ. ಹೆಬ್ಬೇವು, ಹುಚ್ಚುಬೇವುಗಳಲ್ಲಿ ಆ ಕಡ್ಡಿ ಮತ್ತೆ ಮತ್ತೆ ಕವಲೊಡೆಯುತ್ತದೆ. ಹುಚ್ಚುಬೇವಿನ ಹಣ್ಣು ವಿಷ. ಬೇವಿನೆಣ್ಣೆಯನ್ನು ಹಸುಗೂಸುಗಳಿಗೆ ಕುಡಿಸಬಾರದು.

ಚಳಿಗಾಲದಲ್ಲಿ ಬೆಟ್ಟದ ನೆಲ್ಲಿಗೆ ಎದುರಾಳಿಯೇ ಇಲ್ಲ. ಗುರುತು ತಪ್ಪದು, ಹಣ್ಣು ಮಾತ್ರ ಬೇಕು, ಉಪ್ಪು ಹಾಕಿಯೂ ಒಣಗಿಸಿಯೂ ಇಡಬಹುದು. ಬಿಳಿಗಿರಿರಂಗನ ಬೆಟ್ಟದಲ್ಲಿ ಎರಡು ಜಾತಿಯ ನೆಲ್ಲಿಗಳಿದ್ದು, ಸೋಲಿಗರು ತಲೆಮಾರುಗಳಿಂದ ಅವನ್ನು ಕೊಯ್ಯುತ್ತಾ ಬಂದಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರಿಗೆ ಕಿರು ಅರಣ್ಯ ಉತ್ಪನ್ನಗಳ ಮೇಲೆ ಸಮುದಾಯದ ಹಕ್ಕು ದೊರೆಯಿತು. ಆ ಹಕ್ಕು ಅಲ್ಲಿ ಬಾಳುವವರದು, ವಾರಾಂತ್ಯಕ್ಕೆ ಚೀಲ ಹಿಡಿದು ಹೋಗುವ ಪ್ರವಾಸಿಗರದಲ್ಲ. ಶಿವಮೊಗ್ಗ, ಉತ್ತರ ಕನ್ನಡದ ಕಾಡಂಚಿನವರು ಇನ್ನೊಂದನ್ನು ಗಮನಿಸಬೇಕು: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನಕಾಯಿಲೆ ಹರಡುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ನೆಲ್ಲಿ ಮಾಗುವ ಕಾಲದಲ್ಲಿಯೇ. ಈ ಕಾಯಿಲೆಯನ್ನು ಹರಡುವ ಉಣುಗು ಏರದಂತೆ ಉದ್ದ ತೋಳಿನ ಬಟ್ಟೆ, ಆರೋಗ್ಯ ಇಲಾಖೆ ಕೊಡುವ ಎಣ್ಣೆ, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಇಲ್ಲದೆ ಕಾಡು ಹೊಗಬಾರದು. ಹತ್ತಿರದಲ್ಲಿ ಮಂಗ ಸತ್ತ ಸುದ್ದಿಯಿದ್ದರೆ ಆ ವರ್ಷದ ನೆಲ್ಲಿಯನ್ನು ಸಂತೆಯಲ್ಲೇ ಕೊಳ್ಳಬೇಕು.

ಹೊಸದಾಗಿ ಆರಂಭಿಸುವವರಿಗೆ

ಕುಂಡದಲ್ಲಿ ದೊಡ್ಡಪತ್ರೆ, ತುಳಸಿ ಮತ್ತು ಒಂದೆಲಗ. ಸಂತೆಯಿಂದ ನೆಲ್ಲಿ, ಪುನರ್ಪುಳಿ ಮತ್ತು ಲಾವಂಚ. ಗುರುತು ಬಲ್ಲ ಹಿರಿಯರ ಜೊತೆ ಹೋಗಿ ಕಲಿಯಲು ಚಗತೆ ಮತ್ತು ಬೆರಕೆ ಸೊಪ್ಪು. ಇಷ್ಟರಿಂದ ವರ್ಷದ ಎಲ್ಲ ಋತುಗಳೂ ಸಾಗುತ್ತವೆ. ಹಾಲೆ ಕಷಾಯವನ್ನು ಕುಟುಂಬದ ರೂಢಿಯಿದ್ದವರು ಮೇಲೆ ಹೇಳಿದ ಎಚ್ಚರದೊಂದಿಗೆ ಮುಂದುವರಿಸಬಹುದು, ರೂಢಿಯಿಲ್ಲದವರು ಕುತೂಹಲಕ್ಕೆಂದು ಆರಂಭಿಸುವ ಅಗತ್ಯವಿಲ್ಲ. ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು ಮತ್ತು ಚಿಕ್ಕ ಮಕ್ಕಳಿಗೆ ಅದು ಬೇಡ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಅಡುಗೆಯ ಪ್ರಮಾಣಕ್ಕಿಂತ ಹೆಚ್ಚಾಗಿ ಏನನ್ನಾದರೂ ಸೇವಿಸುವ ಮುನ್ನ ತಮ್ಮ ವೈದ್ಯರಿಗೆ ಗಿಡದ ಹೆಸರು ಹೇಳಲಿ. ಯಾವುದೇ ಕಷಾಯ ಕುಡಿದ ಮೇಲೆ ದವಡೆ ಬಿಗಿಯುವುದು, ಸ್ನಾಯು ಸೆಳೆಯುವುದು, ಕಣ್ಣು ಹಳದಿಯಾಗುವುದು, ಭ್ರಮೆ ಅಥವಾ ಎಡೆಬಿಡದ ವಾಂತಿ ಕಂಡರೆ ಮನೆಮದ್ದಿನಿಂದ ಮನೆಮದ್ದನ್ನು ಇಳಿಸಲು ಹೋಗದೆ, ವಾಂತಿ ಮಾಡಿಸಲು ಪ್ರಯತ್ನಿಸದೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಉಳಿದ ತೊಗಟೆಯನ್ನೋ ಸೊಪ್ಪನ್ನೋ ಎಲೆ ಸಮೇತ ಒಂದು ಚೀಲದಲ್ಲಿ ಜೊತೆಗೆ ಒಯ್ದರೆ, ಹೊಟ್ಟೆಗೆ ಹೋದದ್ದು ಯಾವುದೆಂದು ವೈದ್ಯರು ಬೇಗ ತಿಳಿದುಕೊಳ್ಳುತ್ತಾರೆ.